ಭುಜದ ಕೆಳಗಿನ ಅಂಗೈ

ಗರಡಿ ಮನೆಯ ಬಾಗಿಲು ನನ್ನ ಎದೆಯಷ್ಟೇ ಎತ್ತರವಿತ್ತು. ಗಂಡಸರಾದರೆ ಬಗ್ಗಿಕೊಂಡು ಒಳಗೆ ಹೋಗಬೇಕು. ಹೆಂಗಸರು ಹೋಗುವ ಹಾಗೇ ಇಲ್ಲ. ಆ ಟಿವಿ ಕಾರ್ಯಕ್ರಮಕ್ಕೆ ನಿರ್ಮಾಪಕಿ ನಾನು, ನಿರ್ದೇಶಕಿ ನಾನು, ಸಾಲದ್ದಕ್ಕೆ ನಿರೂಪಣೆ ಬರೆಯುವವಳೂ ನಾನೇ. ಆದರೂ ಎರಡು ದಿನ ಹೊರಗಿನ ಜಗಲಿಯ ಮೇಲೆ ಕೂತೇ ಕುಸ್ತಿ ಚಿತ್ರೀಕರಿಸಿದೆ. ಕ್ಯಾಮರಾದಿಂದ ಉದ್ದನೆಯ ಕೇಬಲೊಂದು ಹೊಸ್ತಿಲು ದಾಟಿ ಬಂದು ನನ್ನ ಮುಂದಿದ್ದ ಪುಟ್ಟ ಮಾನಿಟರಿಗೆ ಸೇರುತ್ತಿತ್ತು. ಬಿಸಿಲಿಗೆ ಪರದೆ ಕಾಣುವುದಿಲ್ಲವೆಂದು ತಲೆಯ ಮೇಲೆ ಕಂಬಳಿ ಹೊದ್ದುಕೊಂಡು, ಅದರೊಳಗಿಂದಲೇ "ಇನ್ನೂ ಹತ್ತಿರ ಹೋಗಿ", "ಕಾಲು ಬೇಡ, ಕೈ ತೋರಿಸಿ" ಎಂದು ಕಿರುಚುತ್ತಿದ್ದೆ. ದಾರಿಯಲ್ಲಿ ಹೋಗುವವರು ನಿಂತು ನಗುತ್ತಿದ್ದರು. ಒಬ್ಬಾಕೆ ಹತ್ತಿರ ಬಂದು, "ಯಾಕವ್ವ, ಚಳಿಜ್ವರವಾ?" ಎಂದು ಕೇಳಿಯೂ ಬಿಟ್ಟಳು.

ಅದು ತೊಂಬತ್ತರ ದಶಕದ ಕೊನೆ. ಖಾಸಗಿ ಚಾನೆಲೊಂದಕ್ಕೆ ಹಳ್ಳಿಯ ಆಟಗಳ ಬಗ್ಗೆ ಅರ್ಧರ್ಧ ಗಂಟೆಯ ಸಾಕ್ಷ್ಯಚಿತ್ರ ಮಾಡಿಕೊಡುತ್ತಿದ್ದೆ. ಪಿರಿಯಾಪಟ್ಟಣದ ಕಡೆಯ ಕಬಡ್ಡಿ ಮುಗಿದಿತ್ತು, ಎಚ್.ಡಿ. ಕೋಟೆಯ ಬುಡಕಟ್ಟಿನ ಹಾಡಿಯೊಂದರ ಹುಡುಗಿಯರ ಓಟ ಮುಗಿದಿತ್ತು. ನಾಡಕುಸ್ತಿಗೆಂದು ಕೆ.ಆರ್. ನಗರ ತಾಲ್ಲೂಕಿನಲ್ಲಿ, ಚುಂಚನಕಟ್ಟೆಗೆ ಹೋಗುವ ದಾರಿಯಿಂದ ಒಳಕ್ಕೆ ತಿರುಗುವ ಒಂದು ಊರನ್ನು ಆರಿಸಿಕೊಂಡೆವು. ಆ ಊರಿನ ಹೆಸರು ಇಲ್ಲಿ ಬೇಡ. ನಾನು ಹುಣಸೂರಿನವಳು, ಈ ಕಡೆಯ ಊರುಗಳೆಲ್ಲ ನನಗೆ ಅಂಗೈ ಮೇಲಿನ ಗೆರೆಯಷ್ಟು ಗೊತ್ತು ಎಂದು ಚಾನೆಲ್‌ನವರ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ಏನೂ ಗೊತ್ತಿರಲಿಲ್ಲ.

ಗರಡಿಯ ಉಸ್ತಾದರಿಗೆ ಎಪ್ಪತ್ತರ ಹತ್ತಿರ. ನಾಲ್ಕೆಕರೆ ಗದ್ದೆಯ ರೈತರು, ಊರಿನ ಯಜಮಾನರ ಮನೆಗೆ ದಾಯಾದಿ. ಬೆನ್ನು ಇನ್ನೂ ನೆಟ್ಟಗಿತ್ತು. ನಮ್ಮ ಕ್ಯಾಮರಾಮನ್ನನ್ನು ಮೊದಲು ಬಾವಿಯ ಹತ್ತಿರ ಕಳಿಸಿ ಸ್ನಾನ ಮಾಡಿಸಿದರು. ಅವನ ಸೊಂಟದ ಬ್ಯಾಟರಿ ಬೆಲ್ಟು ಚರ್ಮದ್ದೆಂದು ಗೊತ್ತಾದಾಗ ಅರ್ಧ ಗಂಟೆ ಪಂಚಾಯ್ತಿಯಾಯಿತು. ಕೊನೆಗೆ ಬೆಲ್ಟನ್ನು ಒದ್ದೆ ಟವೆಲಿನಲ್ಲಿ ಸುತ್ತಿ ಬಾಗಿಲ ಹೊರಗೆ ನನ್ನ ಪಕ್ಕದಲ್ಲೇ ಇಟ್ಟು, ಅಲ್ಲಿಂದ ವೈರು ಎಳೆದೆವು. ಬೆಲ್ಟಿಗೂ ನನಗೂ ಒಂದೇ ಗತಿ.

ನನ್ನ ಮುಖ ನೋಡಿ ಉಸ್ತಾದರಿಗೆ ಅಯ್ಯೋ ಅನ್ನಿಸಿರಬೇಕು. "ತಪ್ಪು ತಿಳ್ಕೋಬ್ಯಾಡ ಕಣಮ್ಮ," ಅಂದರು. "ನಮ್ ತಾತನ ಕಾಲ್ದಿಂದ ಎಂಗಸ್ರು ಈ ಮಟ್ಟಿ ತುಳ್ದಿಲ್ಲ. ಆದ್ರೆ ಜಾತಿ ಗೀತಿ ಅನ್ನೋದು ನಮ್ ಗರಡೀಲಿ ಇಲ್ಲ, ನೋಡು. ಒಳ್ಗೋದ್ರೆ ಎಲ್ಲಾರ್ ಮೈಗೂ ಒಂದೇ ಮಣ್ಣು."

ಮಟ್ಟಿ ಎಂದರೆ ಅಖಾಡದ ಕೆಮ್ಮಣ್ಣು. ಮಜ್ಜಿಗೆ, ಅರಿಶಿನ, ಎಣ್ಣೆ ಹಾಕಿ ಹದ ಮಾಡಿದ್ದು. ಉಸ್ತಾದರ ಮಾತನ್ನು ನಾನು ಹಾಗೇ ಪುಸ್ತಕದಲ್ಲಿ ಬರೆದುಕೊಂಡೆ, ಕಾರ್ಯಕ್ರಮದ ಆರಂಭಕ್ಕೆ ಆಗುತ್ತದೆಂದು. ಅದಕ್ಕೆ ಸಾಕ್ಷಿಯೂ ಒಳಗೇ ಇದ್ದ. ಗರಡಿಯ ಅತ್ಯುತ್ತಮ ಪೈಲ್ವಾನ ದಲಿತರ ಕೇರಿಯವನು. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಕೆಲಸ, ಮೂವತ್ತು ದಾಟಿದ ವಯಸ್ಸು, ಮಾತು ಕಡಿಮೆ. ಅವನು ಒಳಗೆ, ಮೇಲುಜಾತಿಯವಳಾದ ನಾನು ಹೊರಗೆ. ಇದಕ್ಕಿಂತ ಚೆನ್ನಾಗಿ ಟಿವಿಗೆ ಇನ್ನೇನು ಸಿಗಬೇಕು ಎಂದು ಕಂಬಳಿಯೊಳಗೆ ಒಬ್ಬಳೇ ಹಿಗ್ಗಿದೆ.

ಎರಡನೆಯ ದಿನದ ತಾಲೀಮಿನಲ್ಲಿ ಮಾನಿಟರಿನ ಮೇಲೆ ಒಂದು ದೃಶ್ಯ ಬಂತು. ಪೈಲ್ವಾನ ಜೊತೆಗಾರನನ್ನು ಸೊಂಟದ ಮೇಲಿಂದ ಎತ್ತಿ ಕೆಡವಿದ. ಜೊತೆಗಾರನ ಬೆನ್ನು ಮಣ್ಣಿಗೆ ತಾಗಬೇಕು, ಅಷ್ಟರಲ್ಲಿ ಪೈಲ್ವಾನನ ಎಡ ಅಂಗೈ ಸರಕ್ಕನೆ ಅವನ ಭುಜದ ಕೆಳಗೆ ಹೋಗಿ ಮೇಲಕ್ಕೆತ್ತಿತು. ಮಗುವನ್ನು ಮಲಗಿಸುವಾಗ ತಲೆಯ ಕೆಳಗೆ ಕೈ ಕೊಡುತ್ತೇವಲ್ಲ, ಹಾಗೆ. ನೋಡಲು ಬಹಳ ಚಂದ.

"ಅದೇನದು?" ಎಂದು ಕೂಗಿದೆ.

"ಜೊತೆಗಾರಂಗೆ ಏಟಾಗ್ದಂಗೆ ಕಣಮ್ಮ," ಎಂದು ಒಳಗಿನಿಂದ ಉಸ್ತಾದರ ದನಿ ಬಂತು.

ನಾನು ಬಿಡಲಿಲ್ಲ. ಅದನ್ನೇ ಮೂರು ಸಲ ಮತ್ತೆ ಮಾಡಿಸಿದೆ. ಒಂದು ಸಲ ಮೇಲಿನಿಂದ, ಒಂದು ಸಲ ಪಕ್ಕದಿಂದ, ಕೊನೆಗೆ ಬರೀ ಅಂಗೈ ಮತ್ತು ಭುಜ. "ನಿಧಾನವಾಗಿ ಬರಲಿ ಕೈ, ಅವಸರ ಬೇಡ" ಎಂದು ಹೇಳಿಕೊಟ್ಟೆ. ಅವನು ಹೇಳಿದ ಹಾಗೇ ಮಾಡಿದ. ಅವತ್ತು ನಿರೂಪಣೆಗೆಂದು ಬರೆದ ಸಾಲು ನನ್ನ ಪುಸ್ತಕದಲ್ಲಿ ಈಗಲೂ ಇದೆ: "ಎದುರಾಳಿಯ ಭುಜಕ್ಕೂ ನೋವಾಗದಂತೆ ಅಂಗೈ ಹಾಸುವುದು ಈ ಮಣ್ಣಿನ ಕ್ರೀಡಾಧರ್ಮ."

ಮೂರನೆಯ ದಿನ ಶಾಲೆಯ ಮುಂದೆ ಜೋಡಿ ಕಟ್ಟಿದರು. ಅದು ಬಯಲಿನಲ್ಲಿ ನಡೆಯುವುದರಿಂದ ನಾನೂ ನಿಂತು ನೋಡಬಹುದಿತ್ತು. ಗಾವಡಗೆರೆ, ಹುಣಸೂರು, ಎಚ್.ಡಿ. ಕೋಟೆಯ ಕಡೆಯಿಂದೆಲ್ಲ ಪೈಲ್ವಾನರು ಬಂದಿದ್ದರು. ಹಿರಿಯರು ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ, ತೋಳು ಹಿಸುಕಿ, ಎದೆ ಕುತ್ತಿಗೆ ನೋಡಿ, ಇಬ್ಬರ ಕೈ ಸೇರಿಸಿ "ಜೋಡಿ ಸರಿ" ಎಂದು ಕೂಗುತ್ತಿದ್ದರು. ಕೈ ಸೇರಿಸಿದ ಮೇಲೆ ಮುಂದಿನ ವಾರದ ಕುಸ್ತಿಗೆ ಆ ಇಬ್ಬರು ಗಟ್ಟಿ. ನಮ್ಮ ಪೈಲ್ವಾನನಿಗೆ ಯಜಮಾನರ ಮಗನ ಜೋಡಿ ಬಿತ್ತು. ಅವನೂ ಅದೇ ಗರಡಿಯವನು, ಕೆ.ಆರ್. ನಗರ ಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ, ಮೈಕಟ್ಟು ಚೆನ್ನಾಗಿತ್ತು. ನನ್ನ ಹಿಂದೆ ಯಾರೋ, "ಇನ್ನೇನ್ಲಾ, ಈ ವರ್ಸನೂ ಸಮ ಬುಡು," ಎಂದು ನಕ್ಕರು.

ಅದೇನೆಂದು ಕೇಳಲು ಮಧ್ಯಾಹ್ನ ಪೈಲ್ವಾನನ ಮನೆಗೆ ಹೋದೆ. ಅವನ ಹೆಂಡತಿ ಚಾಪೆ ಹಾಸಿ ಟೀ ಕೊಟ್ಟಳು. ಅವಳು ಊರಿನ ಗದ್ದೆಗಳಿಗೆ ನಾಟಿ ಹಾಕುವ ಹೆಂಗಸರ ಗುಂಪಿಗೆ ಮುಂದಾಳು. ಪೈಲ್ವಾನ ಗೋಡೆಗೆ ಒರಗಿ ನಿಂತೇ ಮಾತಾಡಿದ.

"ಎಂಟ್ ವರ್ಸದಿಂದ ಊರ್ ಕಣ್ದಲ್ಲಿ ಇಡೀತಿವ್ನಿ ಮೇಡಮ್ಮೋರೆ. ಎಂಟೂ ಸಮ. ಒಂದೂ ಸೋತಿಲ್ಲ, ಒಂದೂ ಗೆದ್ದಿಲ್ಲ."

"ಸಮ ಆದರೆ ಏನಾಯಿತು?"

"ಮೈಸೂರ್ ದೊಡ್ ಕುಸ್ತಿಗೆ ಎಸ್ರು ಓಗಕಿಲ್ಲ. ಊರ್ ಕಣ್ದಲ್ಲಿ ಒಬ್ನಾರ ಚಿತ್ ಮಾಡಿರ್ಬೇಕು, ಆಗ್ಲೇ ಉಸ್ತಾದ್ರು ಕಾಗ್ದ ಬರ್ಕೊಡೋದು. ಅದು ಗರಡಿ ಕಟ್ಟಳೆ. ಈ ವರ್ಸ ಆಗ್ಲಿಲ್ಲ ಅಂದ್ರೆ ಮುಗೀತು, ವಯಸ್ಸಾಯ್ತು." ಸ್ವಲ್ಪ ತಡೆದು, "ಮೈಸೂರ್ ಕಣ್ದಲ್ಲಿ ಒಂದ್ಸಲ ತೊಡೆ ತಟ್ಟಿ ಗೆದ್ಬುಡ್ಬೇಕು. ಅಷ್ಟೇ ಇರೋದು ನಂಗೆ," ಅಂದ.

ಅವನ ಹೆಂಡತಿ ಅವನ ಮುಖವನ್ನೊಮ್ಮೆ ನೋಡಿ, ಲೋಟ ಎತ್ತಿಕೊಂಡು ಒಳಗೆ ಹೋದಳು. ನಾಚಿಕೆ ಸ್ವಭಾವ ಅಂದುಕೊಂಡೆ. ನನ್ನ ತಲೆಯಲ್ಲಿ ಆಗಲೇ ಕಾರ್ಯಕ್ರಮದ ಕೊನೆಯ ದೃಶ್ಯ ಸಿದ್ಧವಾಗುತ್ತಿತ್ತು: ಅವನು ಗೆಲ್ಲುತ್ತಾನೆ, ಜನ ಹೆಗಲ ಮೇಲೆ ಹೊರುತ್ತಾರೆ, ಹಲಗೆ ಬಡಿಯುತ್ತಾರೆ.

ಕುಸ್ತಿಯ ದಿನ ಕಣದ ಸುತ್ತ ಜನ ಕಿಕ್ಕಿರಿದಿದ್ದರು. ನಮ್ಮದು ಒಂದೇ ಕ್ಯಾಮರಾ. ನೆಲದ ಮೇಲಿಟ್ಟರೆ ತಲೆಗಳು ಬಿಟ್ಟು ಬೇರೇನೂ ಕಾಣದು. ಒಂದು ಟ್ರ್ಯಾಕ್ಟರ್ ಟ್ರೈಲರ್ ತರಿಸಿ ಅದರ ಮೇಲೆ ಸ್ಟ್ಯಾಂಡ್ ಹೂಡಿದೆವು. ನಾನು ಟ್ರೈಲರಿನ ಕೆಳಗೆ, ಮತ್ತದೇ ಕಂಬಳಿಯೊಳಗೆ, ಮಾನಿಟರಿನ ಮುಂದೆ. ತೀರ್ಪುಗಾರರು ಉಸ್ತಾದರೇ. ಕೊರಳಲ್ಲಿ ಸೀಟಿ.

ಹದಿನೈದು ನಿಮಿಷದ ಕುಸ್ತಿ. ಇಬ್ಬರೂ ಮಣ್ಣು ತೆಗೆದು ಒಬ್ಬರ ಮೈಗೆ ಒಬ್ಬರು ಎರಚಿಕೊಂಡು ಕೈ ಕೂಡಿಸಿದರು. ಯಜಮಾನರ ಮಗ ಜೋರಾಗಿಯೇ ನುಗ್ಗಿದ. ಹತ್ತನೆಯ ನಿಮಿಷದಲ್ಲಿ ಪೈಲ್ವಾನ ಅವನ ಕಾಲಿಗೆ ಕಾಲು ಕೊಟ್ಟು ಕೆಡವಿದ. ಜನ ಎದ್ದರು. ಉಸ್ತಾದರು ಬಗ್ಗಿದರು. ಮಾನಿಟರಿನಲ್ಲಿ ನನಗೆ ಕಂಡದ್ದು ಧೂಳು, ಎರಡು ಬೆನ್ನು, ಮತ್ತೆ ಎದ್ದು ನಿಂತ ಇಬ್ಬರು. ಸಮಯ ಮುಗಿಯಿತು. ಉಸ್ತಾದರು ಸೀಟಿ ಊದಿ ಇಬ್ಬರ ಕೈಯನ್ನೂ ಮೇಲೆತ್ತಿ, "ಸಮ!" ಎಂದು ಸಾರಿದರು. ಚಪ್ಪಾಳೆ ಬಿತ್ತು. ಪೈಲ್ವಾನ ಮಣ್ಣು ಕಣ್ಣಿಗೊತ್ತಿಕೊಂಡು ಯಾರ ಕಡೆಗೂ ನೋಡದೆ ಹೊರಟುಹೋದ. ನನಗೆ ಕೋಪ ಬಂತು. ನಿಜ ಹೇಳುತ್ತೇನೆ, ಅವನಿಗಾಗಿ ಅಲ್ಲ. ನನ್ನ ಕೊನೆಯ ದೃಶ್ಯ ಕೆಟ್ಟುಹೋಯಿತಲ್ಲ ಎಂದು.

ಮೈಸೂರಿನ ಸಣ್ಣ ಸ್ಟುಡಿಯೋ ಒಂದರಲ್ಲಿ ಎಡಿಟಿಂಗ್. ಅಲ್ಲಿನ ಎಡಿಟರ್ ಹಿರಿಯರು, ಇಡೀ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಟೇಪನ್ನು ಹಿಂದೆ ಮುಂದೆ ಓಡಿಸುವ ಚಕ್ರದ ಮೇಲೆ ಬೆರಳಿಟ್ಟು ಹತ್ತನೆಯ ನಿಮಿಷದ ಹತ್ತಿರ ಕೂತುಬಿಟ್ಟರು. "ಇಲ್ಲೊಂಚೂರು ನೋಡಿ ಮೇಡಂ."

ಚಕ್ರವನ್ನು ಒಂದೊಂದೇ ಫ್ರೇಮು ತಿರುಗಿಸಿದರು. ಟ್ರೈಲರಿನ ಎತ್ತರದಿಂದ ತೆಗೆದದ್ದರಿಂದ ಉಸ್ತಾದರ ಬೆನ್ನಿನ ಮೇಲಿಂದ ಎಲ್ಲವೂ ಕಾಣುತ್ತಿತ್ತು. ಯಜಮಾನರ ಮಗ ಬೀಳುತ್ತಾನೆ. ಎಡ ಭುಜ ಮಣ್ಣಿಗೆ ತಾಗುತ್ತದೆ. ಬಲ ಭುಜ ತಾಗುತ್ತದೆ. ಎರಡೂ ಮಣ್ಣಿನಲ್ಲಿ ಊರಿಕೊಂಡಿವೆ. ಇದು ಚಿತ್, ಸಂದೇಹವೇ ಇಲ್ಲ. ಉಸ್ತಾದರ ಬಾಯಲ್ಲಿ ಸೀಟಿ ಇದೆ, ಕೆನ್ನೆ ಉಬ್ಬಿಲ್ಲ.

"ಮೋಸ!" ಎಂದು ನಾನು ಕುರ್ಚಿಯಿಂದ ಎದ್ದೆ. "ಮುದುಕಪ್ಪ ಬೇಕಂತಲೇ ಊದಲಿಲ್ಲ!"

"ತಾಳಿ, ಇನ್ನೂ ಇದೆ," ಅಂದರು ಎಡಿಟರ್.

ಮತ್ತೆ ಚಕ್ರ ತಿರುಗಿತು. ಪೈಲ್ವಾನ ತಲೆಯೆತ್ತಿ ಉಸ್ತಾದರನ್ನು ನೋಡುತ್ತಾನೆ. ಉಸ್ತಾದರೂ ಅವನನ್ನು ನೋಡುತ್ತಾರೆ. ಆಮೇಲೆ ಪೈಲ್ವಾನನ ಎಡ ಅಂಗೈ ಸರಕ್ಕನೆ ಯಜಮಾನರ ಮಗನ ಬಲ ಭುಜದ ಕೆಳಗೆ ಹೋಗುತ್ತದೆ. ಎತ್ತುತ್ತದೆ. ಯಜಮಾನರ ಮಗ ಹೊರಳಿ ಎದ್ದು ನಿಲ್ಲುತ್ತಾನೆ.

ಆ ಕೈಯನ್ನು ನಾನು ಕಂಡಿದ್ದೆ. ಕಂಡಿದ್ದಷ್ಟೇ ಅಲ್ಲ, ನಿಧಾನವಾಗಿ ಬರಲಿ ಎಂದು ಹೇಳಿಕೊಟ್ಟು ಮೂರು ಸಲ ಮಾಡಿಸಿದ್ದೆ. ಗೆದ್ದವನು ತನ್ನ ಗೆಲುವನ್ನು ತಾನೇ ಅಳಿಸುವ ವಿದ್ಯೆ ಅದು. ಅದನ್ನು ಕ್ರೀಡಾಧರ್ಮ ಎಂದು ಬರೆದು, ಹಿನ್ನೆಲೆಗೆ ಕೊಳಲು ಹಾಕುವುದೆಂದು ಅಂಚಿನಲ್ಲಿ ಗುರುತು ಮಾಡಿದ್ದೆ. ಎದ್ದು ಹೊರಗೆ ಹೋಗಿ ನಲ್ಲಿಯ ಕೆಳಗೆ ಮುಖ ಒಡ್ಡಿದೆ. ಎಡಿಟರ್ ಒಂದು ಲೋಟ ಕಾಫಿ ತರಿಸಿ ಮೇಜಿನ ಮೇಲಿಟ್ಟಿದ್ದರು.

ಮಾರನೆಯ ಬೆಳಿಗ್ಗೆ ಆ ಭಾಗವನ್ನು ವಿಎಚ್‌ಎಸ್ ಕ್ಯಾಸೆಟ್ಟಿಗೆ ಇಳಿಸಿಕೊಂಡು ಊರಿಗೆ ಹೋದೆ. ಉಸ್ತಾದರು ಗರಡಿಯ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಕ್ಯಾಸೆಟ್ ತೋರಿಸಿ, ಯಾರದಾದರೂ ಮನೆಯಲ್ಲಿ ಹಾಕಿ ನೋಡೋಣ ಅಂದೆ.

"ಟಿವಿ ಗಿವಿ ಬ್ಯಾಡ ಕಣಮ್ಮ," ಅಂದರು. "ನಾನು ಅಲ್ಲೇ ನಿಂತಿರ್ನಿಲ್ವಾ."

"ಹಾಗಾದರೆ ನೋಡಿಯೂ ಯಾಕೆ ಊದಲಿಲ್ಲ?"

ಹಗ್ಗ ಕೆಳಗಿಟ್ಟರು. "ನಮ್ ಪೈಲ್ವಾನನ್ ಚಿಗಪ್ಪ ಒಬ್ಬ ಇದ್ದ. ಅವ್ನೂ ನನ್ ಕೈಲೇ ಕಲ್ತೋನು. ಯಜಮಾನ್ರ ತಮ್ಮನ್ನ ಚಿತ್ ಮಾಡ್ದ. ಊದ್ದೆ. ಆಗ ನಂಗೂ ಬಿಸಿ ರಕ್ತ. ಆ ವರ್ಸ ಕೇರಿ ಎಂಗಸ್ರನ್ನ ಒಬ್ರೂ ನಾಟಿಗೆ ಕರೀನಿಲ್ಲ. ಆಚೆ ಊರಿಂದ ಆಳ್ ತುಂಬ್ಕೊಂಡ್ ಬಂದ್ರು. ಬದೀಲಿ ದನ ಮೇಯ್ಸಕ್ಕೂ ಬುಡ್ನಿಲ್ಲ. ಅವ್ನು ಊರ್ ಬುಟ್ಟು ಕೊಡಗಿನ್ ತೋಟಕ್ಕೋದೋನು ತಿರುಗ್ ಬರ್ನಿಲ್ಲ."

"ಅದಕ್ಕೆ?"

"ಇವ್ನು ಬಂದು ಗರಡಿ ಬಾಗ್ಲಲ್ಲಿ ನಿಂತ. ಅಂಥ ಮೈ ಕಣಮ್ಮ, ಬ್ಯಾಡ ಓಗು ಅನ್ನಕ್ಕೆ ಬಾಯ್ ಬರ್ನಿಲ್ಲ. ಸೋತ್ಕೋ ಅನ್ನಕ್ಕೂ ಬಾಯ್ ಬರ್ನಿಲ್ಲ. ಅದ್ಕೇ ಎತ್ತೋದ ಕಲಿಸ್ದೆ. ಮೊದಲ್ನೇ ದಿನದಿಂದ್ಲೇ, ದಿನಾ. ಪಟ್ಟು ಆಕೋದು, ಕೆಡವೋದು, ಎತ್ತೋದು. ಮೂರೂ ಒಂದೇ ಉಸುರ್ನಾಗೆ ಬರ್ಬೇಕು ಅಂತ."

ಅವರು ಅದನ್ನು ಹೇಳಿದ ಧಾಟಿಯಲ್ಲಿ ಒಬ್ಬ ಗುರುವಿನ ಹೆಮ್ಮೆಯೂ ಇತ್ತು. ಅದು ನನ್ನನ್ನು ಹೆದರಿಸಿತು. ಒಳ್ಳೆಯ ಮನುಷ್ಯ, ಒಳ್ಳೆಯ ಉದ್ದೇಶ, ಎಂಟು ವರ್ಷದ ದಿನನಿತ್ಯದ ತಾಲೀಮು. ಬೈಯಲೆಂದು ಹೋದವಳು ಕ್ಯಾಸೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ.

ಕೇರಿಗೆ ಹೋದಾಗ ಪೈಲ್ವಾನ ಗಿರಣಿಗೆ ಹೊರಟಿದ್ದ. ಟೇಪಿನಲ್ಲಿ ಎಲ್ಲ ಇದೆ, ಟಿವಿಯಲ್ಲಿ ತೋರಿಸಿದರೆ ಗೆದ್ದದ್ದು ನೀನೇ ಎಂದು ಇಡೀ ರಾಜ್ಯಕ್ಕೆ ಗೊತ್ತಾಗುತ್ತದೆ ಅಂದೆ. ಅವನು ಬೆದರಿದವನ ಹಾಗೆ ಹೆಂಡತಿಯ ಕಡೆ ನೋಡಿದ.

"ನೀವು ಟಿವೀಲ್ ಆಕ್ಬುಟ್ಟು ಓಯ್ತೀರ ಅಕ್ಕ," ಅಂದಳು ಅವಳು. ದನಿ ಏರಿಸಲಿಲ್ಲ. "ಬರೋ ತಿಂಗ್ಳು ನಾಟಿ. ನನ್ ಗುಂಪಲ್ಲಿ ಇಪ್ಪತ್ ಜನ ಎಂಗಸ್ರವ್ರೆ. ಅವ್ರನ್ ಕರೆಯೋರ್ಯಾರು, ನೀವಾ?"

ನಾನು ಪೈಲ್ವಾನನ ಕಡೆ ತಿರುಗಿದೆ. "ನೀನೇನು ಹೇಳ್ತೀಯಪ್ಪ?"

"ಈ ಸಲ ಸೀಟಿ ಬತ್ತದೇನೋ ಅಂತ ಉಸ್ತಾದ್ರ್ ಮಕ ನೋಡ್ದೆ. ಕ್ಯಾಮ್ರಾ ಬಂದದಲ್ಲ, ಊದ್ಬೋದು ಅಂತ. ಊದ್ನಿಲ್ಲ. ಎತ್ಬುಟ್ಟೆ." ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. "ನಂಗ್ ಮೈಸೂರ್ಗೋಗ್ಬೇಕು ಮೇಡಮ್ಮೋರೆ. ಆದ್ರೆ ಇವ್ಳ್ ಯೋಳೋದೂ ದಿಟ."

ಅಂದು ಸಂಜೆ ಚಾನೆಲಿನ ಅಧಿಕಾರಿಗೆ ಫೋನ್ ಮಾಡಿ ವಿಷಯ ಹೇಳಿದೆ. "ಆಟದ ಕಾರ್ಯಕ್ರಮದಲ್ಲಿ ಊರ ರಾಜಕೀಯ ಯಾಕ್ರೀ? ಸಮ ಅಂದ್ರು, ಸಮ ಅಂತಲೇ ಇರಲಿ. ಆ ಅಂಗೈ ಶಾಟ್ ಚೆನ್ನಾಗಿದೆ ಅಂದಿದ್ರಲ್ಲ, ಅದನ್ನ ಕೊನೆಗಿಡಿ," ಎಂದ ಆಸಾಮಿ. ಐದು ದಿನದಲ್ಲಿ ಟೇಪ್ ಕೈಸೇರಬೇಕು ಎಂದೂ ಸೇರಿಸಿದ. ನಾನು ಫೋನ್ ಕುಕ್ಕಿದ ರಭಸಕ್ಕೆ ಬೂತಿನವನು ಬಗ್ಗಿ ನೋಡಿದ.

ಎರಡು ದಿನ ಎಡಿಟಿಂಗ್ ಕೋಣೆಯಲ್ಲಿ ಸುಮ್ಮನೆ ಕೂತೆ. ತೋರಿಸಿದರೆ ಇಪ್ಪತ್ತು ಹೆಂಗಸರ ಕೆಲಸ ಹೋಗುತ್ತದೆ. ತೋರಿಸದಿದ್ದರೆ ಅವನ ಮೈಸೂರು ಹೋಗುತ್ತದೆ, ಜೊತೆಗೆ ಆ ಸುಳ್ಳಿಗೆ ಕೊಳಲು ಹಾಕಿದವಳು ನಾನಾಗುತ್ತೇನೆ. ಎಡಿಟರ್ ಆ ಹತ್ತನೆಯ ನಿಮಿಷವನ್ನು ಮತ್ತೆ ಓಡಿಸುತ್ತ ತಮ್ಮಷ್ಟಕ್ಕೆ ಹೇಳಿದರು: "ಇದನ್ನ ಬಿದ್ದವನು ನೋಡಿದ್ದಾನಾ?"

ನನಗೆ ಅದು ಹೊಳೆದೇ ಇರಲಿಲ್ಲ. ಬಿದ್ದವನಿಗೆ ಎಲ್ಲ ಗೊತ್ತು, ಅವನೂ ಇದರಲ್ಲಿ ಪಾಲುದಾರ ಎಂದುಕೊಂಡಿದ್ದೆ. ಅವನನ್ನು ಕೇಳಬೇಕು ಎಂದು ನನಗಾಗಲಿ ಬೇರೆ ಯಾರಿಗಾಗಲಿ ಅನ್ನಿಸಿರಲಿಲ್ಲ. ಆದರೆ ಬಿದ್ದೆ ಎಂದು ಅವನೇ ಹೇಳಿದರೆ ಕೇರಿಯ ಮೇಲೆ ಯಾರೂ ಮುನಿಯುವ ಹಾಗಿಲ್ಲ. ಹೇಳದಿದ್ದರೆ ಆ ಭಾಗವನ್ನು ಅಳಿಸಿ, ಕಾರ್ಯಕ್ರಮವನ್ನೇ ಕೈಬಿಡುವುದೆಂದು ನಿಶ್ಚಯಿಸಿ ಕೆ.ಆರ್. ನಗರದ ಬಸ್ಸು ಹತ್ತಿದೆ.

ಗೊಬ್ಬರದ ಅಂಗಡಿಯ ಹಿಂದಿನ ಕೋಣೆಯಲ್ಲಿ ಟಿವಿ, ವಿಸಿಆರ್ ಎರಡೂ ಇದ್ದವು. ಯಜಮಾನರ ಮಗ ಖುಷಿಯಿಂದಲೇ ಬರಮಾಡಿಕೊಂಡ. "ನಂದ್ ಚೆನ್ನಾಗ್ ಬಂದದಾ ಮೇಡಂ?" ಎನ್ನುತ್ತ ತಾನೇ ಕ್ಯಾಸೆಟ್ ತುರುಕಿದ.

ಮೊದಲ ಸಲ ನೋಡಿದಾಗ ಅವನಿಗೆ ತಿಳಿಯಲಿಲ್ಲ. ಎರಡನೆಯ ಸಲ ನಿಧಾನಕ್ಕೆ ಓಡಿಸಿದೆ. ಅವನು ಮುಂದಕ್ಕೆ ಬಾಗಿದ. ಮೂರನೆಯ ಸಲ ರಿಮೋಟ್ ನನ್ನ ಕೈಯಿಂದ ತೆಗೆದುಕೊಂಡು ತಾನೇ ಹಿಂದಕ್ಕೆ ಹೋದ, ಮುಂದಕ್ಕೆ ಬಂದ. ಅಂಗೈ ಭುಜದ ಕೆಳಗೆ ಹೋಗುವಲ್ಲಿ ನಿಲ್ಲಿಸಿದ. ಚಿತ್ರ ಅದುರುತ್ತಾ ನಿಂತಿತು.

"ನಾನೇ ಎದ್ದೆ ಅಂದ್ಕೊಂಡಿದ್ನಲ್ಲ," ಅಂದ.

ಎದ್ದು ಪರದೆಯ ಹತ್ತಿರ ಹೋಗಿ ಆ ಅಂಗೈಯ ಮೇಲೆ ಬೆರಳಿಟ್ಟ.

"ಬೆನ್ ತಾಕ್ತು ಅಂತ ಅನ್ನುಸ್ತಿತ್ತು ಮೇಡಂ. ಸೀಟಿ ಬರ್ನಿಲ್ವಲ್ಲ, ತಾಕಿಲ್ಲ ಅಂದ್ಕೋತಿದ್ದೆ. ಕೊಸ್ರಾಡಿ ಎದ್ದೆ, ನನ್ ಸಕ್ತಿ ಅಂತ..." ಅವನು ಬೆರಳು ಮಡಿಸಿ ಎಣಿಸಿದ. "ನಾಕ್ ವರ್ಸದಿಂದ ಅವ್ನೇ ನನ್ ಜೋಡಿ. ನಾಕ್ ವರ್ಸನೂವಾ?"

"ಹೌದು ಅಂತ ಕಾಣುತ್ತೆ."

"ಊರ್ನೋರ್ಗೆಲ್ಲ ಗೊತ್ತಾ?"

"ಹಿರಿಯರಿಗೆ ಗೊತ್ತು."

"ನಮ್ಮಪ್ಪಂಗೆ?"

ನಾನು ಟಿವಿಯ ಕಡೆ ತಿರುಗಿ ಕ್ಯಾಸೆಟ್ ಹೊರಗೆ ತೆಗೆದೆ. ಅಷ್ಟು ದೊಡ್ಡ ಮೈಯ ಗಂಡಸು, ಗೊಬ್ಬರದ ಮೂಟೆಯ ಮೇಲೆ ಕುಸಿದು ಕೂತು ತನ್ನ ಬಲ ಭುಜವನ್ನು ಎಡಗೈಯಿಂದ ಉಜ್ಜಿಕೊಳ್ಳುತ್ತಿದ್ದ, ಅಲ್ಲೇನೋ ಅಂಟಿದೆ ಎಂಬಂತೆ. ಆಮೇಲೆ ಎದ್ದು ಹೋಗಿ, ಹೊರಗೆ ಗಿರಾಕಿಗಳು ನಿಂತಿದ್ದರೂ ಅಂಗಡಿಯ ಷಟರ್ ಎಳೆದುಬಿಟ್ಟ. "ನಾಳಿಕ್ ಕ್ಯಾಮ್ರಾ ತನ್ನಿ ಮೇಡಂ, ನಾನೇ ಯೋಳ್ತೀನಿ," ಅಂದ.

ಮಾರನೆಯ ದಿನ ಗರಡಿಯ ಮುಂದೆ ಅವನನ್ನು ನಿಲ್ಲಿಸಿ ಚಿತ್ರೀಕರಿಸಿದೆವು. ಏನು ಹೇಳಬೇಕೆಂದು ನಾನು ಹೇಳಿಕೊಡಲಿಲ್ಲ, ಹೇಳಿಕೊಡುವ ಚಟ ನನಗೆ ಬಿಟ್ಟುಹೋಗಿತ್ತು. ಅವನು ಎರಡೇ ಮಾತಾಡಿದ: "ನಾನು ಬಿದ್ದಿದ್ದೆ. ಎರಡ್ ಭುಜಾನೂ ಮಣ್ಣಲ್ಲಿತ್ತು." ಅವನ ತಂದೆ, ಊರಿನ ಯಜಮಾನರು, ಅಷ್ಟು ದೂರದಲ್ಲಿ ಗಾಡಿಯ ಹತ್ತಿರ ನಿಂತು ಕೇಳಿಸಿಕೊಂಡರು. ಎತ್ತು ಹೂಡಿಕೊಂಡು ಹೋದರು. ಉಸ್ತಾದರು ಒಳಗೆ ಹೋಗಿ, ಕಾಗದ ಪೆನ್ನು ತಂದು, ಜಗಲಿಯ ಮೇಲೆ ನನ್ನ ಪಕ್ಕ ಕೂತು ಪೈಲ್ವಾನನ ಹೆಸರು ಬರೆದರು. ಅಕ್ಷರ ಸರಿಬರಲಿಲ್ಲವೆಂದು ಎರಡು ಸಲ ಕಾಗದ ಬದಲಾಯಿಸಿದರು.

ಬಿದ್ದವನೇ ಒಪ್ಪಿಕೊಂಡ ಮೇಲೆ ಚಾನೆಲಿನವನಿಗೂ ತಕರಾರು ಉಳಿಯಲಿಲ್ಲ. ಕೊಳಲು ತೆಗೆದೆ. ನನ್ನ ಕ್ರೀಡಾಧರ್ಮದ ಸಾಲು ಕಿತ್ತು ಹಾಕಿದೆ. ಆ ಹತ್ತನೆಯ ನಿಮಿಷವನ್ನು ನಿರೂಪಣೆಯಿಲ್ಲದೆ ಇದ್ದ ಹಾಗೇ ಬಿಟ್ಟೆ. ನಾಟಿ ಶುರುವಾದಾಗ ಕೆಲವು ಮನೆಯವರು ಕೇರಿಯ ಗುಂಪನ್ನು ಕರೆಯಲಿಲ್ಲ. ಹೆಚ್ಚಿನವರು ಕರೆದರು. ಯಜಮಾನರ ಗದ್ದೆಗೆ ಮಗನೇ ಹೋಗಿ ಕರೆದುಬಂದನೆಂದು ಪೈಲ್ವಾನನ ಹೆಂಡತಿ ಹೇಳಿಕಳಿಸಿದಳು. ಒಂದು ಒಳ್ಳೆಯ ಕೆಲಸ ಮಾಡಿದೆ ಎಂದು ಸ್ನೇಹಿತೆಯರ ಮುಂದೆ ಹೇಳಿಕೊಂಡೂ ತಿರುಗಿದೆ.

ಮೈಸೂರಿನ ಕುಸ್ತಿಗೆ ಕ್ಯಾಮರಾ ಇಲ್ಲದೆ ಹೋದೆ. ಪೈಲ್ವಾನನ ಹೆಂಡತಿಗೆ ಅಷ್ಟು ಜನರ ನಡುವೆ ಕೂರುವುದು ಮೊದಲ ಸಲ. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಕೆಳಗೆ ಕಣದ ಅಂಚಿನಲ್ಲಿ ಉಸ್ತಾದರು, ಅವರ ಪಕ್ಕದಲ್ಲಿ ಪೈಲ್ವಾನನ ಟವೆಲು ಹಿಡಿದುಕೊಂಡು ಯಜಮಾನರ ಮಗ. ಎದುರಾಳಿ ಬೆಳಗಾವಿಯ ಕಡೆಯವನು, ಹುರಿಯಾಳು. ಪೈಲ್ವಾನ ತೊಡೆ ತಟ್ಟಿದ. ನಮ್ಮ ಕಡೆಯವರು ಕೂಗಿದರು. ನಾನೂ ಕೂಗಿದೆ.

ಆರನೆಯ ನಿಮಿಷದಲ್ಲಿ ಸೊಂಟದ ಮೇಲಿಂದ ಎತ್ತಿದ. ನಾನು ಮಾನಿಟರಿನಲ್ಲಿ ಎಷ್ಟೋ ಸಲ ನೋಡಿದ್ದ ಪಟ್ಟು. ಬೆಳಗಾವಿಯವನ ಎರಡು ಕಾಲೂ ಗಾಳಿಯಲ್ಲಿದ್ದವು. ಜನವೆಲ್ಲ ಎದ್ದು ನಿಂತರು. ತೀರ್ಪುಗಾರ ಓಡಿ ಬಂದು ಮಂಡಿಯೂರಿ ಸೀಟಿಯನ್ನು ಬಾಯಿಗಿಟ್ಟ. ಈತನಿಗೆ ಪೈಲ್ವಾನ ಯಾವ ಕೇರಿಯವನೋ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಬೆನ್ನು ಮಣ್ಣಿಗೆ ತಾಗಿದರೆ ಊದುತ್ತಾನೆ, ಅಷ್ಟೆ.

ತಾಗಲಿಲ್ಲ. ಎಡ ಅಂಗೈ ಸರಕ್ಕನೆ ಭುಜದ ಕೆಳಗೆ ಹೋಯಿತು. ಎತ್ತಿತು.

ಬೆಳಗಾವಿಯವನು ಸಿಕ್ಕ ಆ ಒಂದು ಚಣವನ್ನು ಬಿಡಲಿಲ್ಲ. ಹೊರಳಿ, ಮೇಲೆ ಬಂದು, ಪೈಲ್ವಾನನ ಎರಡು ಭುಜವನ್ನೂ ಮಣ್ಣಿಗೆ ಒತ್ತಿದ. ಸೀಟಿ ಬಿತ್ತು. ಸುತ್ತಲಿನವರಿಗೆ ಏನಾಯಿತೆಂದೇ ತಿಳಿಯಲಿಲ್ಲ, ಕೈ ಜಾರಿತು ಅಂದುಕೊಂಡರು. ತಿಳಿದವರು ನಾವು ನಾಲ್ವರೇ. ಉಸ್ತಾದರು ನಿಂತಲ್ಲೇ ನೆಲಕ್ಕೆ ಕೂತು ಮುಖ ಮುಚ್ಚಿಕೊಂಡರು. ಯಜಮಾನರ ಮಗ ಟವೆಲು ಹಿಡಿದ ಕೈ ಹಾಗೇ ಮುಂದಕ್ಕೆ ಚಾಚಿ ನಿಂತುಬಿಟ್ಟ. ಪೈಲ್ವಾನನ ಹೆಂಡತಿ ನನ್ನ ಕೈ ಬಿಟ್ಟಳು.

ಅವನು ಹೊರಗೆ ಬಂದಾಗ ಮೈಮೇಲಿನ ಮಣ್ಣು ಒಣಗಿರಲಿಲ್ಲ. ನಾನು ಎದುರಿಗೆ ನಿಂತಿದ್ದೆ. ಅವನೇ ನನ್ನನ್ನು ನೋಡಿ, ಏನನ್ನೋ ವಿವರಿಸಬೇಕು ಎನ್ನುವವನ ಹಾಗೆ, ಮೆಲ್ಲಗೆ ಹೇಳಿದ:

"ಕೈ ತಾನೇ ಓಗ್ಬುಡ್ತು. ಅವ್ನು ಯಾರು, ಯಾರ್ ಮಗ ಅಂತ್ಲೇ ನಂಗ್ ಗೊತ್ತಿರ್ನಿಲ್ಲ, ಮೇಡಮ್ಮೋರೆ."